ಮಣ್ಣಿನ ಹಸಿ ಅಳೆಯುವ ಅಗ್ಗದ ಕಡ್ಡಿ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್ ಈಗ ನೂರು, ನೂರೈವತ್ತು ರೂಪಾಯಿಗೆ ಸಿಗುತ್ತದೆ. ಅದರ ಜೊತೆಗೆ ಒಂದು ಪುಟ್ಟ ಇಎಸ್‌ಪಿ ಕಂಟ್ರೋಲರ್ ಬೋರ್ಡು, ಒಂದು ರಿಲೇ, ಬ್ಯಾಟರಿ, ಅಂಗೈಯಗಲದ ಸೋಲಾರ್ ಫಲಕ ಕೊಂಡರೂ ಬಿಲ್ಲು ಎರಡು ಸಾವಿರ ದಾಟುವುದು ಕಷ್ಟ. ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋದವರೆಲ್ಲ ಇದನ್ನು ನೋಡಿಯೇ ಇರುತ್ತಾರೆ: ಮೇಜಿನ ಮೇಲೊಂದು ಹೂಕುಂಡ, ಅದಕ್ಕೆ ಚುಚ್ಚಿದ ಕಡ್ಡಿ, ಮಣ್ಣು ಒಣಗಿದೆ ಎಂದು ಗೊತ್ತಾದ ಕೂಡಲೇ ಗುರ್ರೆನ್ನುವ ಪುಟಾಣಿ ಮೋಟಾರು. ಕುಂಡದಿಂದ ಹೊಲಕ್ಕೆ ಮಾತ್ರ ಆ ಕಡ್ಡಿ ಇನ್ನೂ ಸರಿಯಾಗಿ ಇಳಿದಿಲ್ಲ. ಎರಡೆಕರೆ ತೋಟದವರಲ್ಲಿ ಇಂಥದ್ದನ್ನು ಹಾಕಿಸಿಕೊಂಡು, ಮೂರನೆಯ ಬೇಸಿಗೆಯಲ್ಲೂ ಅದನ್ನೇ ನಂಬಿ ನೀರು ಬಿಡುತ್ತಿರುವವರು ಎಷ್ಟು ಮಂದಿ ಎಂದು ಕೇಳಿ ನೋಡಿ. ಬಹಳ ಹುಡುಕಬೇಕಾಗುತ್ತದೆ. ಇಷ್ಟು ಅಗ್ಗವಾದ ಮೇಲೂ ಯಾಕೆ ಹೀಗೆ?

ನವಿ ಮುಂಬಯಿಯ ಮಹಾಪೆಯಲ್ಲಿ ಕೆಲಸ ಮಾಡುವವರಿಗೆ ಈ ಪ್ರಶ್ನೆ ಎರಡು ಕಡೆಯಿಂದ ಎದುರಾಗುತ್ತದೆ. ಪಾರ್ಸಿಕ್ ಗುಡ್ಡಕ್ಕೂ ಠಾಣೆಯ ಹಿನ್ನೀರಾದ ಖಾಡಿಗೂ ನಡುವೆ ಆಗ್ರಿ ಜನ ಭತ್ತ ಬೆಳೆಯುತ್ತಿದ್ದ ಸೀಮೆ ಇದು. ಕೈಗಾರಿಕಾ ನಿಗಮ ಎಂಐಡಿಸಿ ಬಂತು, 1970ರಲ್ಲಿ ನಗರ ಕಟ್ಟುವ ನಿಗಮ ಸಿಡ್ಕೊ ಹುಟ್ಟಿತು, ಗದ್ದೆ ಹೋಗಿ ಪ್ಲಾಟು ಬಂತು. ಈಗ ಇಲ್ಲಿನ ಎಲೆಕ್ಟ್ರಾನಿಕ್ ಝೋನಿನಲ್ಲಿ ಬೋರ್ಡು ಬೆಸೆಯುವ, ಪ್ರೋಗ್ರಾಂ ಬರೆಯುವ ಕೆಲಸ. ಡೊಂಬಿವಲಿ, ಕಲ್ಯಾಣ, ಕೋಪರ್‌ಖೈರಣೆಗಳಿಂದ ಬಂದುಹೋಗುವ ನಮ್ಮ ಕನ್ನಡದವರಲ್ಲಿ ಅನೇಕರಿಗೆ ಕಾರ್ಕಳ, ಕುಂದಾಪುರ, ಕುಮಟಾ ಕಡೆ ಒಂದಿಷ್ಟು ಅಡಿಕೆಯೋ ತೆಂಗೋ ಇದ್ದೇ ಇರುತ್ತದೆ. ಊರಲ್ಲಿ ತೋಟ ನೋಡುವವರಿಗೆ ವಯಸ್ಸಾಗಿದೆ, ಕೆಲಸಕ್ಕೆ ಜನ ಸಿಗುವುದಿಲ್ಲ. ಇಲ್ಲಿಂದಲೇ ಫೋನಿನಲ್ಲಿ ನೀರು ಬಿಡುವಂತಿದ್ದರೆ ಎಂಬ ಆಸೆ ಅಲ್ಲಿ ಹುಟ್ಟುತ್ತದೆ. ಇನ್ನೊಂದು ಕಡೆ, ಶಿಳ್‌ಫಾಟಾ ದಾಟಿ ಕಲ್ಯಾಣದಾಚೆ ಮುರಬಾಡ, ಶಹಾಪುರದತ್ತ ಹೋದರೆ ಮಳೆಗಾಲದ ಭತ್ತ ಕೊಯ್ದ ಗದ್ದೆಯಲ್ಲೇ ಬೆಂಡೆ, ಸೌತೆ ಬೆಳೆಯುವ ಸಣ್ಣ ರೈತರಿದ್ದಾರೆ. ನಾಲ್ಕು ತಿಂಗಳು ಕೊಚ್ಚಿಹೋಗುವಷ್ಟು ಮಳೆ, ಮಾರ್ಚಿಗೆ ಬಾವಿಯ ತಳ. ನಮ್ಮ ಕರಾವಳಿಯ ಕತೆಯೂ ಇದೇ. ದೇಶದ ಲೆಕ್ಕ ಬೇಕಿದ್ದರೆ, 2015–16ರ ಕೃಷಿ ಗಣತಿಯ ಪ್ರಕಾರ ಹಿಡುವಳಿಗಳಲ್ಲಿ ನೂರಕ್ಕೆ 86 ಎರಡು ಹೆಕ್ಟೇರಿಗಿಂತ ಚಿಕ್ಕವು. ಸರಾಸರಿ ಹಿಡುವಳಿ 1.08 ಹೆಕ್ಟೇರ್.

ಕಡ್ಡಿ ಅಳೆಯುವುದೇನನ್ನು ಎಂಬಲ್ಲೇ ಮೊದಲ ತೊಡಕಿದೆ. ಮಣ್ಣಿನಲ್ಲಿ ನೀರು ಎಷ್ಟಿದೆ ಎಂಬುದು ಒಂದು. ಆ ನೀರನ್ನು ಬೇರು ಎಷ್ಟು ಸಲೀಸಾಗಿ ಎಳೆದುಕೊಳ್ಳಬಲ್ಲದು ಎಂಬುದು ಇನ್ನೊಂದು. ಗಿಡಕ್ಕೆ ಸಂಬಂಧಪಟ್ಟದ್ದು ಎರಡನೆಯದು. ಮರಳು ಮಣ್ಣಿನಲ್ಲಿ ನೂರಕ್ಕೆ 15 ಪಾಲು ನೀರಿದ್ದರೆ ಗಿಡ ನಳನಳಿಸುತ್ತದೆ. ಎರೆಭೂಮಿಯಲ್ಲಿ ಅದೇ 15ಕ್ಕೆ ಬಾಡಿ ಮಲಗುತ್ತದೆ, ಏಕೆಂದರೆ ಜೇಡಿ ತನ್ನ ನೀರನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಈ ಹಿಡಿತವನ್ನೇ ನೇರವಾಗಿ ಅಳೆಯುವ ಹಳೆಯ ಉಪಕರಣ ಟೆನ್ಶಿಯೋಮೀಟರ್. ಒಂದು ಕೊಳವೆ, ಅದರ ತುದಿಗೆ ಮಡಕೆಯಂತೆ ಬೆವರುವ ಪಿಂಗಾಣಿ ಮೊನೆ, ಒಳಗೆ ನೀರು, ತಲೆಯ ಮೇಲೊಂದು ಗೇಜು. ಸುತ್ತಲಿನ ಮಣ್ಣು ಒಣಗಿದಷ್ಟೂ ಮೊನೆಯ ಮೂಲಕ ನೀರನ್ನು ಎಳೆಯುತ್ತದೆ, ಆ ಎಳೆತ ಗೇಜಿನಲ್ಲಿ ಕಾಣುತ್ತದೆ. ಅಮೆರಿಕದ ಎಲ್.ಎ. ರಿಚರ್ಡ್ಸ್ ಮೊದಲಾದವರು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಇದನ್ನು ಬಳಕೆಗೆ ತಂದರು. ಇದಕ್ಕೆ ಕರೆಂಟು ಬೇಡ, ಮಣ್ಣು ಬದಲಾದರೆ ಲೆಕ್ಕ ಬದಲಿಸಬೇಕಾಗಿಲ್ಲ. ಕೊರತೆ ಏನೆಂದರೆ ಎಳೆತ 80 ಸೆಂಟಿಬಾರ್ ಹತ್ತಿರ ಬಂದಾಗ ಒಳಗೆ ಗಾಳಿ ಸೇರಿ ಕೆಲಸ ನಿಲ್ಲುತ್ತದೆ. ಮತ್ತೆ ನೀರು ತುಂಬಿಸಬೇಕು. 1940ರಲ್ಲಿ ಬೂಯೂಕಸ್ ಮತ್ತು ಮಿಕ್ ಎಂಬವರು ಜಿಪ್ಸಂ ಗಟ್ಟಿಯೊಳಗೆ ಎರಡು ತಂತಿ ಹುದುಗಿಸಿ ಅದರ ವಿದ್ಯುತ್ ರೋಧ ಅಳೆಯುವ ಉಪಾಯ ಮಾಡಿದರು. 1980ರಲ್ಲಿ ಕೆನಡಾದ ಟಾಪ್, ಡೇವಿಸ್, ಅನ್ನಾನ್ ಎಂಬ ಮೂವರು ಮಣ್ಣಿನ ಡೈಎಲೆಕ್ಟ್ರಿಕ್ ಗುಣಕ್ಕೂ (ವಿದ್ಯುತ್ ಚಾರ್ಜು ಹಿಡಿದಿಡಲು ನೆರವಾಗುವ ಗುಣ) ಅದರಲ್ಲಿರುವ ನೀರಿಗೂ ಇರುವ ಸಂಬಂಧವನ್ನು ಸೂತ್ರವಾಗಿ ಕೊಟ್ಟರು. ಒಣ ಮಣ್ಣಿನ ಕಣಕ್ಕೆ ಈ ಗುಣದ ಅಂಕಿ 3ರಿಂದ 5, ನೀರಿಗೆ 80. ಅಂತರ ಅಷ್ಟು ದೊಡ್ಡದಿರುವುದರಿಂದ ಸ್ವಲ್ಪ ನೀರು ಬೆರೆತರೂ ಗೊತ್ತಾಗುತ್ತದೆ. ಇವತ್ತಿನ ನೂರೈವತ್ತು ರೂಪಾಯಿಯ ಕೆಪ್ಯಾಸಿಟಿವ್ ಕಡ್ಡಿ ನಿಂತಿರುವುದು ಇದೇ ಅಂತರದ ಮೇಲೆ.

ಅಗ್ಗದ್ದರಲ್ಲೂ ಎರಡು ಜಾತಿ. ಎರಡು ಹಲ್ಲಿನ ಫೋರ್ಕಿನಂಥದ್ದು ಮಣ್ಣಿನ ಮೂಲಕ ವಿದ್ಯುತ್ ಹರಿಸಿ ರೋಧ ಅಳೆಯುತ್ತದೆ. ಹಸಿ ಮಣ್ಣಿನಲ್ಲಿ ನೇರ ವಿದ್ಯುತ್ ಹರಿದರೆ ಲೋಹ ಕರಗುವುದು ಖಂಡಿತ. ಕೆಲವೇ ವಾರಗಳಲ್ಲಿ ಒಂದು ಹಲ್ಲು ಸವೆದು ಕಪ್ಪಾಗಿರುತ್ತದೆ. ಗೊಬ್ಬರ ಹಾಕಿದ ದಿನ ಮಣ್ಣು ಒದ್ದೆ ಎಂದು ಸುಳ್ಳು ಹೇಳುವುದು ಇದರ ಇನ್ನೊಂದು ಗುಣ. ಹೊಲಕ್ಕೆ ಇದನ್ನು ಯಾರೂ ಕೊಳ್ಳಬಾರದು, ಅಷ್ಟೇ. ಇನ್ನೊಂದು, ಮೇಲೆ ಹೇಳಿದ ಕೆಪ್ಯಾಸಿಟಿವ್ ಕಡ್ಡಿ. ತಾಮ್ರದ ಪದರವನ್ನು ಬಣ್ಣದಡಿ ಮುಚ್ಚಿರುವುದರಿಂದ ಅದು ಸವೆಯುವುದಿಲ್ಲ. ಆದರೆ ಹಲಗೆಯನ್ನು ಕತ್ತರಿಸಿದ ಅಂಚು ಮಾತ್ರ ಬರಿದಾಗಿಯೇ ಇರುತ್ತದೆ. ಬೆರಳಿನಿಂದ ಸವರಿ ನೋಡಿದರೆ ಗಾಜಿನ ನಾರಿನ ಒರಟು ಕೈಗೆ ಹತ್ತುತ್ತದೆ. ಆ ನಾರು ದೀಪದ ಬತ್ತಿಯ ಕೆಲಸ ಮಾಡಿ ನೀರನ್ನು ಒಳಗೆ ಸೇದಿಕೊಳ್ಳುತ್ತದೆ. ಆಮೇಲೆ ಮಣ್ಣು ಒಣಗಿದರೂ ಕಡ್ಡಿಗೆ ಹಸಿಯೇ. ಮೇಲ್ತುದಿಯಲ್ಲಿ ಚಿಪ್ಪು, ರೆಸಿಸ್ಟರುಗಳು ಬಯಲಲ್ಲೇ ಕೂತಿರುತ್ತವೆ; ಒಂದು ಮಳೆ ಸಾಕು. ಅಂಚಿಗೆ ಎಪಾಕ್ಸಿಯನ್ನೋ ಉಗುರು ಬಣ್ಣವನ್ನೋ ಎರಡು ಸಲ ಬಳಿದು, ತಲೆಗೆ ಹೀಟ್‌ಶ್ರಿಂಕ್ ಕೊಳವೆ ಏರಿಸಿ, ಒಳಗೆ ಅಂಟು ತುಂಬಿಸಿದರೆ ಆಯುಸ್ಸು ಎಷ್ಟೋ ಪಟ್ಟು ಹೆಚ್ಚುತ್ತದೆ. ಇದಕ್ಕೆ ತಗಲುವುದು ಹತ್ತಿಪ್ಪತ್ತು ರೂಪಾಯಿ. ಮಾರುವವರು ಅದನ್ನೂ ಉಳಿಸುತ್ತಾರೆ. ಕೆಲವು ಕಡ್ಡಿಗಳಲ್ಲಿ ಕಡಿಮೆ ವೋಲ್ಟೇಜಿಗೂ ಏಳುವ ಟಿಎಲ್‌ಸಿ555 ಇರಬೇಕಾದ ಜಾಗದಲ್ಲಿ ಹಳೆಯ ಎನ್‌ಇ555 ಚಿಪ್ಪು ಕೂತಿರುತ್ತದೆ, 3.3 ವೋಲ್ಟಿನ ಬೋರ್ಡಿಗೆ ಜೋಡಿಸಿದರೆ ಅದು ಸರಿಯಾಗಿ ಏಳುವುದೇ ಇಲ್ಲ. ಕೊಂಡವನು ತನ್ನ ಪ್ರೋಗ್ರಾಂ ತಪ್ಪಿರಬೇಕೆಂದು ತಲೆ ಕೆರೆದುಕೊಳ್ಳುತ್ತಾನೆ.

ಕಡ್ಡಿ ಚೆನ್ನಾಗಿದೆ ಎಂದೇ ಇಟ್ಟುಕೊಳ್ಳೋಣ. ಅದು ಕೊಡುವುದು ಒಂದು ವೋಲ್ಟೇಜು. 1.9 ವೋಲ್ಟ್ ಎಂದರೆ ನಿಮ್ಮ ತೋಟದಲ್ಲಿ ಹಸಿಯೋ ಒಣವೋ ಎಂದು ಕಡ್ಡಿಗೂ ಗೊತ್ತಿಲ್ಲ, ತಯಾರಿಸಿದವರಿಗೂ ಗೊತ್ತಿಲ್ಲ. ತಿಳಿಯಲು ಇರುವ ದಾರಿ ಹಳೆಯದೇ: ಅದೇ ತೋಟದ ಮಣ್ಣನ್ನು ಬಕೆಟಿಗೆ ತುಂಬಿ, ನೀರು ಉಣ್ಣಿಸಿ, ಒಂದು ರಾತ್ರಿ ಬಸಿಯಲು ಬಿಟ್ಟು, ಕಡ್ಡಿ ಚುಚ್ಚಿ, ದಿನಾ ತೂಕ ಮಾಡಿ, ಅಂಕಿ ಬರೆದು, ಕೊನೆಗೆ ಅದೇ ಮಣ್ಣನ್ನು 105 ಡಿಗ್ರಿ ಶಾಖದಲ್ಲಿ ಒಂದು ದಿನ ಒಣಗಿಸಿ ನಿಜವಾದ ನೀರೆಷ್ಟಿತ್ತೆಂದು ಲೆಕ್ಕ ಹಾಕುವುದು. ಎರಡು ವಾರದ ಕೆಲಸ. ಅದೂ ಆ ಒಂದು ಬಗೆಯ ಮಣ್ಣಿಗೆ ಮಾತ್ರ. ಕೃಷಿ ವಿಜ್ಞಾನ ಕೇಂದ್ರಗಳು ತಮ್ಮ ತಾಲೂಕಿನ ನಾಲ್ಕಾರು ಬಗೆಯ ಮಣ್ಣಿಗೆ ಇದನ್ನೊಮ್ಮೆ ಮಾಡಿ ಕೋಷ್ಟಕವನ್ನು ಗೋಡೆಗೆ ಅಂಟಿಸಿಟ್ಟರೆ ಸಾವಿರಾರು ಮಂದಿಯ ಕೆಲಸ ಉಳಿಯುತ್ತದೆ. ಹೊಸ ಆ್ಯಪ್ ಬಿಡುಗಡೆಗಿಂತ ಇದು ಹೆಚ್ಚು ಉಪಯೋಗದ್ದೆಂದು ನನಗನಿಸುತ್ತದೆ, ಫೋಟೋ ಚೆನ್ನಾಗಿ ಬರಲಿಕ್ಕಿಲ್ಲ ಅಷ್ಟೆ.

ಎಲ್ಲಿ ಚುಚ್ಚಬೇಕು ಎಂಬುದು ಮುಂದಿನ ಕಷ್ಟ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಹರಳು ತುಂಬಿ ಕಡ್ಡಿಗೂ ಮಣ್ಣಿಗೂ ನಡುವೆ ಗಾಳಿಯ ಸಂದು ಉಳಿಯುತ್ತದೆ. ಎರೆಭೂಮಿ ಒಣಗುವಾಗ ಬಿರಿದು ಕಡ್ಡಿಯನ್ನೇ ಬಿಟ್ಟು ದೂರ ಸರಿಯುತ್ತದೆ. ಎರಡೂ ಕಡೆ ಸೆನ್ಸರ್ ಅಳೆಯುವುದು ಗಾಳಿಯನ್ನು. ಹನಿ ನೀರಾವರಿಯಲ್ಲಿ ಡ್ರಿಪ್ಪರ್ ಕೆಳಗೇ ಚುಚ್ಚಿದರೆ ಯಾವಾಗಲೂ ಒದ್ದೆ, ಎರಡಡಿ ದೂರ ಚುಚ್ಚಿದರೆ ಯಾವಾಗಲೂ ಒಣ. ಒಂದೇ ತೋಟದ ಮೇಲಿನ ತಾಕಿಗೂ ಕೆಳಗಿನ ತಾಕಿಗೂ ಹಸಿಯಲ್ಲಿ ಅಜಗಜಾಂತರ ಇರುವುದು ನೀರು ಬಿಡುವ ಯಾರಿಗೂ ಗೊತ್ತು. ಒಂದೇ ಕಡ್ಡಿಗೆ ಎಕರೆಯ ಪ್ರಾತಿನಿಧ್ಯ ಕೊಡುವುದು ಅಷ್ಟು ಸರಳವಲ್ಲ.

ಅಂಕಿ ಸರಿಯಾಗಿ ಸಿಕ್ಕರೂ ಸಾಲದು ಎಂಬ ಪಾಠ ಕರ್ನಾಟಕದಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಸಿಕ್ಕಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೋಜಾನ್‌ನ ಇಪಿಎಫ್‌ಎಲ್ ಸೇರಿ ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಚೆನ್ನಕೇಶವಪುರದಲ್ಲಿ ‘ಕಾಮನ್‌ಸೆನ್ಸ್ ನೆಟ್’ ಎಂಬ ಯೋಜನೆ ನಡೆಸಿದವು. ಮಳೆಯಾಶ್ರಿತ ಶೇಂಗಾ ಬೆಳೆಯುವ ಬಡ ರೈತರ ಹೊಲದಲ್ಲಿ ತೇವಾಂಶದ ಸೆನ್ಸರುಗಳು, ಅವುಗಳಿಂದ ನಿಸ್ತಂತುವಾಗಿ ಊರಿನ ಒಂದು ಕೇಂದ್ರಕ್ಕೆ, ಅಲ್ಲಿಂದ ಬೆಂಗಳೂರಿಗೆ ಮಾಹಿತಿ. ಎಚ್.ಎಸ್. ಜಮದಗ್ನಿ, ಟಿ.ವಿ. ಪ್ರಭಾಕರ್, ಶೇಷಗಿರಿ ರಾವ್, ಜಾಕ್ ಪಂಶಾರ್ ಮುಂತಾದವರು ಇದರ ಹಿಂದಿದ್ದರು. 2006ರಲ್ಲಿ ಪ್ರಬಂಧ ಬಂತು. ಸಣ್ಣ ರೈತನ ನೀರಿಗಾಗಿ ನಿಸ್ತಂತು ಸೆನ್ಸರ್ ಜಾಲ ಎಂಬ ವಿಚಾರದಲ್ಲಿ ಜಗತ್ತಿನ ಮೊದಲ ಗಂಭೀರ ಪ್ರಯತ್ನಗಳಲ್ಲಿ ಇದೂ ಒಂದು. ಯೋಜನೆಯವರು ಯಂತ್ರ ಹೂಳುವ ಮೊದಲು ರೈತರ ಅಗತ್ಯ ಏನೆಂದು ಕೇಳಿಕೊಂಡು ಹೋದದ್ದು ಅವರ ದೊಡ್ಡಗುಣ. ಅಲ್ಲಿ ಎದ್ದ ಪ್ರಶ್ನೆ ಇವತ್ತಿಗೂ ಹಾಗೇ ಇದೆ: ಮಳೆಯನ್ನೇ ನಂಬಿದವನಿಗೆ ಮಣ್ಣು ಒಣಗಿದೆ ಎಂದು ತಿಳಿಸಿ ಏನು ಪ್ರಯೋಜನ? ಕೆರೆಯೋ ಬಾವಿಯೋ ಇದ್ದು, ಕಾಯಿ ಕಟ್ಟುವ ಹೊತ್ತಿಗೆ ಒಂದು ನೀರು ಕೊಡಬಲ್ಲವನಿಗೆ ಮಾತ್ರ ಆ ಮಾಹಿತಿ ಬೆಲೆಬಾಳುತ್ತದೆ. ಪಾವಗಡ ಈಗ 2,050 ಮೆಗಾವಾಟ್ ಸೋಲಾರ್ ಪಾರ್ಕಿನಿಂದ ಹೆಸರಾಗಿದೆ. ಬಿಸಿಲನ್ನು ಬೆಳೆಯುವುದು ಅಲ್ಲಿ ಶೇಂಗಾ ಬೆಳೆಯುವುದಕ್ಕಿಂತ ನಿಶ್ಚಿಂತೆಯದು.

ಅಂಕಿ, ಗ್ರಾಫುಗಳ ತಂಟೆಯೇ ಬೇಡವೆಂದು ಬಣ್ಣಕ್ಕೆ ಇಳಿದವರ ದಾರಿ ನನಗೆ ಹೆಚ್ಚು ಹಿಡಿಸಿದ್ದು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ ಭತ್ತಕ್ಕೆಂದೇ ಟೆನ್ಶಿಯೋಮೀಟರನ್ನು ಸರಳಗೊಳಿಸಿ, ಗೇಜು ಕಿತ್ತು ಹಾಕಿ, ಕೊಳವೆಗೆ ಹಸಿರು, ಹಳದಿ ಪಟ್ಟಿ ಬಳಿಯಿತು. ನೀರಿನ ಮಟ್ಟ ಹಸಿರಿನಲ್ಲಿದ್ದರೆ ಸುಮ್ಮನಿರಿ, ಹಳದಿಗೆ ಇಳಿದರೆ ನೀರು ಬಿಡಿ. ಕೊಯಮತ್ತೂರಿನ ಕಬ್ಬು ತಳಿ ಸಂವರ್ಧನಾ ಸಂಸ್ಥೆಯ ‘ಸಾಯಿಲ್ ಮಾಯಿಶ್ಚರ್ ಇಂಡಿಕೇಟರ್’ ಕೈಯಲ್ಲಿ ಹಿಡಿಯುವಂಥದ್ದು: ಎರಡು ಸರಳು ಮಣ್ಣಿಗೆ ಊರಿ ಗುಂಡಿ ಒತ್ತಿದರೆ ನೀಲಿ, ಹಸಿರು, ಕಿತ್ತಳೆ, ಕೆಂಪು ದೀಪಗಳಲ್ಲಿ ಒಂದು ಹತ್ತುತ್ತದೆ. ಕೆಂಪಾದರೆ ಇವತ್ತೇ ನೀರು. ಇದನ್ನು ಹಿಡಿದು ತೋಟದ ಹತ್ತು ಕಡೆ ಓಡಾಡಬಹುದು, ಆದ್ದರಿಂದ ಎಲ್ಲಿ ಚುಚ್ಚಬೇಕೆಂಬ ತಲೆನೋವು ಅರ್ಧ ಕಡಿಮೆ. ಆಸ್ಟ್ರೇಲಿಯದ ಸಿಎಸ್‌ಐಆರ್‌ಒದಲ್ಲಿದ್ದ ರಿಚರ್ಡ್ ಸ್ಟಿರ್ಜೇಕರ್ ‘ಕಮೀಲಿಯನ್’ ಎಂಬ ಸೆನ್ಸರನ್ನು ಆಫ್ರಿಕದ ಟಾಂಜಾನಿಯ, ಮೊಜಾಂಬಿಕ್, ಜಿಂಬಾಬ್ವೆಗಳ ಸಣ್ಣ ನೀರಾವರಿ ರೈತರಿಗೆ ಕೊಟ್ಟರು. ಬೇರೆ ಬೇರೆ ಆಳದ ಸೆನ್ಸರಿಗೆ ಒಂದೊಂದು ದೀಪ. ನೀಲಿ, ಹಸಿರು, ಕೆಂಪು. ಅದು ಅಳೆಯುವುದು ಹಿಡಿತವನ್ನು, ಹಾಗಾಗಿ ಮಣ್ಣಿಗೊಂದು ಕೋಷ್ಟಕ ಬೇಕಿಲ್ಲ. ಅಲ್ಲಿನ ರೈತರು ದೀಪ ನೋಡಿ ನೋಡಿ ನೀರು ಬಿಡುವ ಅಂತರವನ್ನು ತಾವೇ ಹೆಚ್ಚಿಸಿಕೊಂಡರು. ನೀರಿನ ಜೊತೆ ಗೊಬ್ಬರ ಆಳಕ್ಕೆ ತೊಳೆದುಹೋಗುತ್ತಿದ್ದದ್ದೂ ಗೊತ್ತಾಯಿತು. ಇವುಗಳಲ್ಲಿ ಯಾವುದೂ ‘ಆಟೊಮ್ಯಾಟಿಕ್’ ಅಲ್ಲ. ವಾಲ್ವು ತಿರುಗಿಸುವುದು ಮನುಷ್ಯನೇ.

ಆಟೊಮ್ಯಾಟಿಕ್ ಬೇಕೆನ್ನುವವರು ಒಂದು ಸಂಗತಿ ಮರೆಯುತ್ತಾರೆ. ನಮ್ಮ ರೈತರ ಬಳಿ ಆಟೊಮ್ಯಾಟಿಕ್ ನೀರಾವರಿ ಎಂದೋ ಬಂದಿದೆ. ಸ್ಟಾರ್ಟರನ್ನು ‘ಆಟೋ’ಗೆ ಹಾಕಿ ಮಲಗಿದರೆ ತ್ರೀಫೇಸ್ ಬಂದ ಗಳಿಗೆಗೆ ಪಂಪು ಏಳುತ್ತದೆ, ಹೋದ ಗಳಿಗೆಗೆ ನಿಲ್ಲುತ್ತದೆ. ಅದರ ಸೆನ್ಸರ್ ನೋಡುವುದು ಕರೆಂಟನ್ನು, ಮಣ್ಣನ್ನಲ್ಲ. ಹಗಲು ಮೂರು ಗಂಟೆ, ರಾತ್ರಿ ನಾಲ್ಕು ಗಂಟೆ ಎಂಬಂಥ ಪಾಳಿಯಲ್ಲಿ ಬರುವ ಕರೆಂಟಿಗೆ ಕಾದಿರುವವನು, ಬಂದಾಗ ಬಿಡದೆ ಮಣ್ಣು ಒಣಗುವವರೆಗೆ ಕಾಯುವನೇ? ನಾಳೆ ಟ್ರಾನ್ಸ್‌ಫಾರ್ಮರ್ ಸುಟ್ಟರೆ? ಊರಿನ ಚಿಕ್ಕಪ್ಪನೊಬ್ಬರು ನಾನು ಒಯ್ದಿದ್ದ ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, “ಮಾರಾಯ, ನಿನ್ನ ಕಡ್ಡಿ ಹೇಳುವಾಗ ಕರೆಂಟ್ ಇರಬೇಕಲ್ಲ, ಅದನ್ನು ಮೊದಲು ಕೇಳು” ಎಂದಿದ್ದರು. ಅದಕ್ಕೆ ನನ್ನಲ್ಲಿ ಸರ್ಕ್ಯೂಟ್ ಇರಲಿಲ್ಲ. ಮೇಲಾಗಿ ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಮಹಾರಾಷ್ಟ್ರದಲ್ಲೂ 2024ರಿಂದ 7.5 ಎಚ್‌ಪಿವರೆಗೆ ಉಚಿತ. ನೀರು ಉಳಿಸಿದ್ದಕ್ಕೆ ಜೇಬಿಗೆ ಬರುವುದು ಏನೂ ಇಲ್ಲ. ಉಳಿತಾಯಕ್ಕೆ ಅರ್ಥ ಬರುವುದು ನೀರೇ ಮುಗಿಯುವಲ್ಲಿ: ಸಾವಿರ ಅಡಿ ಕೊರೆದರೂ ಒಂದಿಂಚು ಬೀಳುವ ಕೋಲಾರದ ಬೋರ್‌ವೆಲ್ಲಿನಲ್ಲಿ, ಏಪ್ರಿಲ್ ಹೊತ್ತಿಗೆ ಅರ್ಧ ಗಂಟೆ ಎತ್ತಿದರೆ ಬರಿದಾಗುವ ಕರಾವಳಿಯ ಬಾವಿಯಲ್ಲಿ, ಮುರಬಾಡದ ಫೆಬ್ರವರಿಯಲ್ಲಿ.

ಆ ಕರಾವಳಿಯ ಅಡಿಕೆಯ ಲೆಕ್ಕವನ್ನೇ ನೋಡೋಣ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಬುಡಕ್ಕೆ ಹಾಯಿಸುವ ಪದ್ಧತಿಯಲ್ಲಿ ಮರಕ್ಕೆ 175 ಲೀಟರ್, ಮಾರ್ಚ್‌ನಿಂದ ಮೇವರೆಗೆ 3ರಿಂದ 5 ದಿನಕ್ಕೊಮ್ಮೆ. ಐದು ದಿನಕ್ಕೊಮ್ಮೆ ಎಂದೇ ಹಿಡಿದರೂ ದಿನಕ್ಕೆ ಮರಕ್ಕೆ 35 ಲೀಟರ್, ಎಕರೆಗೆ 19,000ಕ್ಕೂ ಹೆಚ್ಚು. ಡ್ರಿಪ್ಪಿನಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 20 ಎಂದರೂ ಎಕರೆಗೆ 11,000. ಅಂದರೆ ಸೆನ್ಸರಿನ ಮಾತೇ ಎತ್ತದೆ ನೂರಕ್ಕೆ ನಲವತ್ತರಷ್ಟು ನೀರು ಉಳಿಯಿತು. ಬುಡಕ್ಕೆ ಸೋಗೆ, ಸೊಪ್ಪು ಮುಚ್ಚಿದರೆ ಇನ್ನಷ್ಟು. ಆಮೇಲೆ ಉಳಿದ 11,000ದಲ್ಲಿ ಸೆನ್ಸರ್ ತನ್ನ ಪಾಲಿನದನ್ನು ಉಳಿಸಬೇಕು. ಮೋಡ ಕವಿದ ದಿನ, ಏಪ್ರಿಲ್ ಕೊನೆಯಲ್ಲಿ ಗುಡುಗು ಮಳೆ ಬಂದ ಮರುದಿನ ಅದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಪೈಪೇ ಹಾಕದವರಿಗೆ ಸೆನ್ಸರ್ ಮಾರುವುದು ಮಾತ್ರ ವ್ಯಾಪಾರ, ನೀರಾವರಿಯಲ್ಲ.

ಸೆನ್ಸರ್, ಕಂಪ್ಯೂಟರ್ ನಂಬಿದ ನೀರಾವರಿ ಎಲ್ಲಿ ನೆಲೆಯೂರಿದೆ ಎಂದು ನೋಡಿದರೆ, ಬೆನ್ನಿಗೆ ದುಡ್ಡಾಗಲಿ ಸಂಸ್ಥೆಯಾಗಲಿ ಇದ್ದಲ್ಲಿ. ಪಾಲಿಹೌಸಿನ ಕ್ಯಾಪ್ಸಿಕಂ, ದ್ರಾಕ್ಷಿ, ದಾಳಿಂಬೆಗಳಿಗೆ ಬೆಂಗಳೂರಿನ ‘ಫಸಲ್’ನಂಥ ಕಂಪನಿಗಳು ಸೆನ್ಸರ್ ಜೊತೆ ಸಲಹೆಯನ್ನೂ ಮಾರುತ್ತವೆ. ಬಾರಾಮತಿಯ ಕೃಷಿ ಅಭಿವೃದ್ಧಿ ಟ್ರಸ್ಟ್ ಮೈಕ್ರೊಸಾಫ್ಟ್ ಜೊತೆ ಸೇರಿ ಕಬ್ಬಿಗೆ ಮಣ್ಣಿನ ಸೆನ್ಸರ್, ಹವಾಮಾನ ಕೇಂದ್ರ, ಉಪಗ್ರಹ ಚಿತ್ರ ಒಟ್ಟು ಮಾಡಿದ್ದು ಎಲ್ಲರೂ ಕೇಳಿದ ಸುದ್ದಿ. ಬಾಗಲಕೋಟೆ ಜಿಲ್ಲೆ ಹುನಗುಂದದ ರಾಮಥಾಳ ಯೋಜನೆಯಲ್ಲಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ. ಅಲ್ಲಿನ ವಿನ್ಯಾಸದಲ್ಲಿ ಕವಾಟ ತೆರೆಯುವ ಕೆಲಸ ಕೇಂದ್ರದ ಕಂಪ್ಯೂಟರಿನದು, ಅದೂ ಪಾಳಿಯ ಪ್ರಕಾರ. ಐಐಟಿ ಬಾಂಬೆಯಲ್ಲಿ ಹುಟ್ಟಿದ ‘ಸಾಯಿಲ್‌ಸೆನ್ಸ್’ ಸಣ್ಣ ರೈತರ ಕಡೆಗೇ ನೋಡುತ್ತಿದೆ; ಮಹಾಪೆಯಿಂದ ಅದು ಖಾಡಿಯಾಚೆಯ ಪವಾಯಿ. ಉಪಗ್ರಹಗಳೂ ತೇವಾಂಶ ನೋಡುತ್ತವೆ. ಗುಂಡ್ಲುಪೇಟೆಯ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ನೆಲದಲ್ಲಿ ಅಳೆದು ಅದನ್ನು ತಾಳೆ ನೋಡುತ್ತ ಬಂದಿದ್ದಾರೆ. ಆದರೆ ಆಕಾಶಕ್ಕೆ ಕಾಣುವುದು ಮೇಲಿನ ಕೆಲವು ಸೆಂಟಿಮೀಟರ್ ಮಣ್ಣು, ಅಡಿಕೆಯ ಬೇರು ಇರುವುದು ಕೆಳಗೆ.

ಇದಕ್ಕೆಲ್ಲ ಎದುರಾಗಿ ಒಂದು ದೇಸಿ ಯಂತ್ರ ಮಾತ್ರ ಯಾರೂ ಪ್ರಚಾರ ಮಾಡದೆ ಹಳ್ಳಿ ಹಳ್ಳಿಗೆ ಹೋಯಿತು: ಮೊಬೈಲ್ ಸ್ಟಾರ್ಟರ್. ಪುಣೆಯ ಸಂತೋಷ್ ಓಸ್ತವಾಲ್ ಅವರ ‘ನ್ಯಾನೊ ಗಣೇಶ್’ 2009ರಲ್ಲಿ ನೋಕಿಯಾದ ಬಹುಮಾನ ಪಡೆದಾಗ ಅದೊಂದು ಬೆರಗು. ಈಗ ಅಂಥದ್ದು ಯಾವ ತಾಲೂಕು ಕೇಂದ್ರದಲ್ಲೂ ಸಿಗುತ್ತದೆ. ಫೋನು ಮಾಡಿದರೆ ಕರೆಂಟ್ ಇದೆಯೋ ಇಲ್ಲವೋ ಹೇಳುತ್ತದೆ, ಪಂಪು ಎಬ್ಬಿಸುತ್ತದೆ, ನಿಲ್ಲಿಸುತ್ತದೆ. ಅದು ಬೇಗ ಹಬ್ಬಲು ಕಾರಣ ಸರಳ. ನಡುರಾತ್ರಿ ಹಾವು, ಹಂದಿಯ ನಡುವೆ ಟಾರ್ಚು ಹಿಡಿದು ಪಂಪ್‌ಶೆಡ್ಡಿಗೆ ನಡೆಯುವುದನ್ನು ಅದು ತಪ್ಪಿಸಿತು. ಅದರ ಗುಣ ಸಾಬೀತುಪಡಿಸಲು ಗ್ರಾಫು ಬೇಕಾಗಲಿಲ್ಲ. ತೇವಾಂಶದ ಕಡ್ಡಿಗೂ ಹೋಗಲು ದಾರಿ ಇದ್ದರೆ ಈ ಸ್ಟಾರ್ಟರಿನ ಬೆನ್ನ ಮೇಲೆಯೇ. ಕರೆಂಟು ಬಂದಾಗ ಪಂಪು ಏಳಲಿ, ಆದರೆ ಹಸಿ ಇರುವ ತಾಕಿನ ವಾಲ್ವು ಬಿಟ್ಟು ಒಣಗಿದ ತಾಕಿಗೆ ನೀರು ಹೋಗಲಿ ಎಂಬಷ್ಟು ಬುದ್ಧಿ ಕೊಟ್ಟರೂ ಸಾಕು. ಕರೆಂಟಿನ ಪಾಳಿಯನ್ನು ಬದಲಿಸಲು ಹೋಗದೆ ಅದರೊಳಗೇ ನೀರಿನ ಹಂಚಿಕೆ ಸುಧಾರಿಸುವ ಕೆಲಸ ಅದು. ಈ ಬಗೆಯ ಪೆಟ್ಟಿಗೆ ನಮ್ಮ ಝೋನಿನವರು ಒಂದು ತಿಂಗಳಲ್ಲಿ ಮಾಡಿಯಾರು. ಹತ್ತು ವರ್ಷ ಬಾಳಿಸುವುದು ಬೇರೆ ವಿಷಯ.

ಏಕೆಂದರೆ ಹೊಲದಲ್ಲಿ ಬೋರ್ಡಿನ ಶತ್ರುಗಳು ಪಠ್ಯಪುಸ್ತಕದಲ್ಲಿಲ್ಲ. ಇಲಿ ವಯರು ಕಡಿಯುತ್ತದೆ, ಇರುವೆ ಪೆಟ್ಟಿಗೆಯೊಳಗೆ ಗೂಡು ಕಟ್ಟುತ್ತದೆ, ಮಂಗ ಸೋಲಾರ್ ಫಲಕ ಕೀಳುತ್ತದೆ, ಏಪ್ರಿಲ್ ಸಿಡಿಲಿಗೆ ಎಲ್ಲ ಒಟ್ಟಿಗೆ ಹೋಗುತ್ತದೆ. ಸಿಮ್ ಹಾಕಿದರೆ ರೀಚಾರ್ಜು; ವರ್ಷದ ಅದರ ಖರ್ಚು ಹತ್ತು ಸೆನ್ಸರಿನ ಬೆಲೆಗೆ ಸುಲಭವಾಗಿ ಸಮ. ಲೋರಾ ರೇಡಿಯೊ ಹಾಕಿದರೆ ರೀಚಾರ್ಜು ಬೇಡ, 865 ಮೆಗಾಹರ್ಟ್ಜ್ ಆಸುಪಾಸಿನ ತರಂಗಕ್ಕೆ ಲೈಸೆನ್ಸೂ ಬೇಡ, ಬಯಲಲ್ಲಿ ಒಂದೆರಡು ಕಿಲೋಮೀಟರ್ ಹೋಗುತ್ತದೆ. ಆದರೆ ಮಲೆನಾಡಿನ ದಟ್ಟ ತೋಟ, ಗುಡ್ಡದ ಮರೆಗಳಲ್ಲಿ ಆ ಲೆಕ್ಕ ಹಿಡಿಯುವುದಿಲ್ಲ. ಇವೆಲ್ಲ ಬಗೆಹರಿಯದ ಸಮಸ್ಯೆಗಳಲ್ಲ. ಬಗೆಹರಿಸಲು ತೋಟದಿಂದ ಐದಾರು ಮೈಲಿಯೊಳಗೆ ಒಬ್ಬ ಮನುಷ್ಯ ಬೇಕು, ಅಷ್ಟೆ. ಆ ಮನುಷ್ಯ ನಮ್ಮ ಪೇಟೆಗಳಲ್ಲಿ ಈಗಾಗಲೇ ಇದ್ದಾನೆ: ಮೋಟಾರ್ ವೈಂಡಿಂಗ್ ಅಂಗಡಿಯವನು. ಸುಟ್ಟ ಪಂಪು ಹೊತ್ತು ಬಂದವರಿಗೆ ಕೆಪಾಸಿಟರ್ ಯಾವುದು, ಫೇಸ್ ಯಾವುದು ಎಂದು ಹೇಳುವವನು ಅವನೇ, ಮೊಬೈಲ್ ಸ್ಟಾರ್ಟರ್ ಕೂರಿಸಿಕೊಟ್ಟವನೂ ಅವನೇ. ಸೆನ್ಸರ್ ಕಂಪನಿಗಳ ಕೈಪಿಡಿ ಇಂಗ್ಲಿಷಿನಲ್ಲಿ ಬರುತ್ತದೆ, ತರಬೇತಿ ಹೋಟೆಲ್ ಹಾಲಿನಲ್ಲಿ ನಡೆಯುತ್ತದೆ, ರಿಪೇರಿಗೆ ಪೆಟ್ಟಿಗೆಯನ್ನು ಕೊರಿಯರ್ ಮಾಡಿ ಎನ್ನುತ್ತಾರೆ. ಕಾರ್ಕಳ ಪೇಟೆಯ ವೈಂಡಿಂಗ್ ಅಂಗಡಿಯ ಕಪಾಟಿನಲ್ಲಿ ಬಿಡಿ ಕಡ್ಡಿ ಸಿಗುವಂತಾಗಿ, ಅಲ್ಲಿನ ಹುಡುಗ ಅಂಚಿಗೆ ಎಪಾಕ್ಸಿ ಬಳಿದು, ಮುರಕಲ್ಲಿನ ಮಣ್ಣಿಗೆ ಎಷ್ಟು ವೋಲ್ಟಿಗೆ ನೀರು ಬಿಡಬೇಕೆಂದು ಕೋಷ್ಟಕ ನೋಡಿ ಹೇಳುವ ಹಾಗಾದರೆ, ಕೊಳ್ಳುವವರಿಗೆ ಮಹಾಪೆಯ ಹೆಸರೂ ಗೊತ್ತಿರಬೇಕಾಗಿಲ್ಲ.